ಅಂಗಡಿ ಬಿಟ್ಟು ಬರಲಾರೆ ಎಂದ ನಟ

'ಬೀಸ್ಟ್ಸ್ ಆಫ್ ದಿ ಸದರ್ನ್ ವೈಲ್ಡ್' (2012) ಮತ್ತೆ ನೋಡಿದೆ. ಅಮೆರಿಕದ ಲೂಸಿಯಾನಾದ ಜೌಗು ತೀರದಲ್ಲಿ, ಬಿರುಗಾಳಿಗೆ ಮುಳುಗಿದ ಊರನ್ನು ಬಿಡಲೊಪ್ಪದ ಬಡವರ ಕಥೆ.

ತಂದೆಯ ಪಾತ್ರ ಮಾಡಿದ ಡ್ವೈಟ್ ಹೆನ್ರಿ ವೃತ್ತಿಯಲ್ಲಿ ನಟರಲ್ಲ, ನ್ಯೂ ಆರ್ಲಿಯನ್ಸಿನಲ್ಲಿ ಬೇಕರಿ ನಡೆಸುತ್ತಿದ್ದವರು. 2005ರ ಕತ್ರಿನಾ ಚಂಡಮಾರುತಕ್ಕೆ ಒಡ್ಡುಗಳು ಒಡೆದು ಆ ನಗರದ ಸುಮಾರು ಶೇ 80 ಭಾಗ ಜಲಾವೃತವಾದದ್ದನ್ನು ಕಂಡವರು. ಪಾತ್ರ ಹುಡುಕಿಕೊಂಡು ಬಂದಾಗ, ಅಂಗಡಿ ಬಿಟ್ಟು ಬರಲಾರೆ ಎಂದು ಒಂದಲ್ಲ, ಹಲವು ಸಲ ಹೇಳಿದರಂತೆ. ಕೊನೆಗೆ ಚಿತ್ರತಂಡವೇ ರಾತ್ರಿ ಹೊತ್ತು ಬೇಕರಿಗೆ ಹೋಗಿ, ಅವರ ಕೆಲಸದ ನಡುವೆಯೇ ತಾಲೀಮು ಮಾಡಿಸಿತು.

ನನಗೆ ಈ ಸಂಗತಿ ತುಂಬಾ ದೊಡ್ಡದಾಗಿ ಕಾಣುತ್ತದೆ. ಊರೇ ಮುಳುಗಿದ್ದನ್ನು ನೋಡಿದ ಮನುಷ್ಯನಿಗೆ ಬೆಳಗಾದರೆ ಅಂಗಡಿ ತೆರೆಯುವುದೇ ಬದುಕು ಕಟ್ಟುವ ಕೆಲಸ. ಅದೇ ಹಟ ಅವರ ಪಾತ್ರದಲ್ಲೂ ಇದೆ: ಪುಟ್ಟ ಮಗಳು ಏಡಿಯನ್ನು ಬರಿಗೈಯಲ್ಲೇ ಮುರಿದು ತಿನ್ನಬೇಕೆಂದು ಅವರು ಅಬ್ಬರಿಸುವ ದೃಶ್ಯ ನೋಡಿ. ಅಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ತಾನಿಲ್ಲದ ಮೇಲೂ ಇವಳು ಉಳಿಯಬೇಕೆಂಬ ಆತಂಕವಿದೆ.

ಚಿತ್ರ ಕೆಲವೆಡೆ ಬಡತನವನ್ನು ತೀರಾ ಚೆಂದ ಮಾಡಿಬಿಡುತ್ತದೆ, ಆ ದೂರು ನನ್ನದೂ ಹೌದು. ಆದರೆ ಚಿತ್ರಕ್ಕೆ ಪ್ರೇರಣೆಯಾದ ಜಾಗ ನಿಜದ್ದು. ಐಲ್ ಡಿ ಜೀನ್ ಚಾರ್ಲ್ಸ್ ಎಂಬ ಆ ದ್ವೀಪ 1955ರಿಂದೀಚೆಗೆ ತನ್ನ ನೆಲದ ಶೇ 98ರಷ್ಟನ್ನು ಕಳೆದುಕೊಂಡಿದೆ. 2022ರಲ್ಲಿ ಅಲ್ಲಿನ ಕುಟುಂಬಗಳು ಒಳನಾಡಿನ ಹೊಸ ಮನೆಗಳಿಗೆ ಹೋಗತೊಡಗಿದವು. ಅವರ ಈ ಎರಡನೆಯ ಬದುಕನ್ನೂ ಯಾರಾದರೂ ಇಷ್ಟೇ ಪ್ರೀತಿಯಿಂದ ಚಿತ್ರ ಮಾಡಲಿ.