ಕೈಯಲ್ಲಿ ಹಿಡಿದ ಬೆನ್ನೆಲುಬು

ನಮ್ಮೂರು ಮಾಸೂರಿನಲ್ಲಿರುವ ನನ್ನ ತಮ್ಮನ ಮಗಳ ಬೆನ್ನು ಹನ್ನೆರಡನೆಯ ವಯಸ್ಸಿನಲ್ಲಿ ಒಂದು ಪಕ್ಕಕ್ಕೆ ಬಾಗತೊಡಗಿತು. ಮನೆಯವರು ಅದನ್ನು ಹಣೆಬರಹವೆಂದು ಬಗೆದು ಎರಡು ವರ್ಷ ಸುಮ್ಮನಿದ್ದರು. ಮಠದ ಪ್ರಸಾದವನ್ನುಂಡು ಓದಿದ ನಾನೂ ಸುಮ್ಮನಿದ್ದೆ. ಅದು ಇಂದಿಗೂ ನನಗೆ ನಾಚಿಕೆಯ ಸಂಗತಿ.

ಕೊನೆಗೆ ಆಕೆಯನ್ನು ಬೆಂಗಳೂರಿಗೆ ಕರೆದೊಯ್ದೆವು. ಬೆನ್ನುಹುರಿಗೆ ತೀರ ಸಮೀಪದಲ್ಲಿ ಎಲುಬಿನೊಳಗೆ ತಿರುಪುಗಳನ್ನು ಕೂಡಿಸಬೇಕೆಂದು ವೈದ್ಯರು ಹೇಳಿದಾಗ ತಮ್ಮನ ಕೈ ನಡುಗಿತು. ಆಗ ಅವರು ಬಿಳಿಯ ವಸ್ತುವೊಂದನ್ನು ಮೇಜಿನ ಮೇಲಿಟ್ಟರು. ಅದು ಮಗುವಿನ ಬೆನ್ನೆಲುಬಿನ ಬಾಗಿದ ಭಾಗದ ಪ್ರತಿರೂಪ. ಸಿ.ಟಿ. ಸ್ಕ್ಯಾನ್ ದೇಹವನ್ನು ತೆಳ್ಳನೆಯ ಹೋಳುಗಳಂತೆ ಚಿತ್ರಿಸುತ್ತದೆ. ಗಣಕಯಂತ್ರ ಆ ಚಿತ್ರಗಳನ್ನು ಒಂದುಗೂಡಿಸುತ್ತದೆ. ಮುದ್ರಣಯಂತ್ರವು ಪದರದ ಮೇಲೆ ಪದರವಿಟ್ಟು ಆಕಾರವನ್ನು ಕಟ್ಟುತ್ತದೆ. ಶಿಲ್ಪಿ ಕಲ್ಲನ್ನು ಕಳೆಯುತ್ತ ಮೂರ್ತಿಯನ್ನು ಕಾಣಿಸಿದರೆ, ಇದು ಗೆದ್ದಲು ಹುತ್ತವೆಬ್ಬಿಸಿದಂತೆ ಕೂಡಿಸುತ್ತ ಹೋಗುವ ಕೆಲಸ. ಯಾವ ಎಲುಬು ಎಷ್ಟು ತಿರುಚಿದೆ, ತಿರುಪು ಯಾವ ಕೋನದಲ್ಲಿ ಇಳಿಯಬೇಕು ಎಂಬುದನ್ನು ವೈದ್ಯರು ಇದರ ಮೇಲೆಯೇ ಮೊದಲು ಅಭ್ಯಾಸ ಮಾಡಬಲ್ಲರು.

1980ರ ದಶಕದಲ್ಲಿ ಅಮೆರಿಕದ ಚಾರ್ಲ್ಸ್ ಹಲ್ ಆರಂಭಿಸಿದ ಈ ವಿದ್ಯೆ ಬಹುದೂರ ಸಾಗಿದೆ. 2014ರಲ್ಲಿ ಬೀಜಿಂಗಿನ ವೈದ್ಯರು 12 ವರ್ಷದ ಬಾಲಕನೊಬ್ಬನ ಕುತ್ತಿಗೆಯಲ್ಲಿ ಗೆಡ್ಡೆ ಹಿಡಿದಿದ್ದ ಎರಡನೆಯ ಮಣಿಯನ್ನು ತೆಗೆದು, ಟೈಟೇನಿಯಮ್ ಪುಡಿಯಿಂದ ಮುದ್ರಿಸಿದ ಮಣಿಯನ್ನು ಕೂಡಿಸಿದರು. ಅಂತಹ ಮಣಿಯ ಸಣ್ಣ ರಂಧ್ರಗಳೊಳಗೆ ರೋಗಿಯ ಎಲುಬೇ ಬೆಳೆದು ಬೆಸೆದುಕೊಳ್ಳುತ್ತದೆ.

ಮಗು ಆ ಪ್ರತಿರೂಪವನ್ನು ಎತ್ತಿಕೊಂಡಿತು. ದಿನವೂ ಇಷ್ಟಲಿಂಗವನ್ನಿರಿಸಿಕೊಳ್ಳುವ ಅಂಗೈಯಲ್ಲಿ ಅದನ್ನಿಟ್ಟುಕೊಂಡು ಬಹಳ ಹೊತ್ತು ನೋಡಿತು. “ಇದು ನನ್ನ ಬೆನ್ನೇನ್ರಿ ದೊಡ್ಡಪ್ಪ?” ಎಂದು ಕೇಳಿತು. ಹೌದೆಂದೆ. “ಇಷ್ಟೇ ಏನು!” ಎಂದಿತು. ಎರಡು ವರ್ಷ ಸೆರಗಿನ ಮರೆಯಲ್ಲಿ ಬಚ್ಚಿಟ್ಟ ಭಯವು ಆ ಒಂದು ಮಾತಿನಲ್ಲಿ ಅರ್ಧ ಕರಗಿತು.

ಶಸ್ತ್ರಚಿಕಿತ್ಸೆ ನೆಟ್ಟಗಾಯಿತು. ಮಗುವನ್ನು ಗುಣಪಡಿಸಿದ್ದು ಯಂತ್ರವಲ್ಲ, ವೈದ್ಯರ ಕೈ. ಯಂತ್ರವು ಆ ಕೈಗೆ ದಾರಿಯನ್ನೂ ನಮಗೆ ಧೈರ್ಯವನ್ನೂ ಮೊದಲೇ ತೋರಿಸಿತು. ದೇಹವನ್ನೇ ದೇಗುಲವೆಂದ ಶರಣರ ಮಕ್ಕಳು ನಾವು; ದೇಗುಲದ ಕಂಬ ವಾಲಿದಾಗ ಹಣೆಬರಹವೆಂದು ಕೈಕಟ್ಟಿ ಕೂಡುವುದು ಭಕ್ತಿಯಲ್ಲ.

ಓದುಗರಲ್ಲಿ ನನ್ನದೊಂದು ಬಿನ್ನಹ. ಬೆಳೆಯುವ ಮಕ್ಕಳನ್ನು ಒಮ್ಮೆ ಮುಂದಕ್ಕೆ ಬಾಗಿಸಿ, ಹಿಂದೆ ನಿಂತು ನೋಡಿರಿ. ಬೆನ್ನಿನ ಒಂದು ಬದಿ ಉಬ್ಬಿ ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿರಿ. ನಾವು ಕಳೆದುಕೊಂಡ ಎರಡು ವರ್ಷ ನಿಮಗಾದರೂ ಉಳಿಯಲಿ.