ನಾಲ್ಕು ಪೆನ್ನಿಯ ನಿದ್ದೆ

ಲಂಡನ್ನಿಗೆ ಹೋದವರು ನೋಡತಕ್ಕ ಸ್ಥಳಗಳ ಪಟ್ಟಿಯಲ್ಲಿ ವೆಂಟ್‌ವರ್ತ್ ಬೀದಿ ಇರುವುದಿಲ್ಲ. ನಮ್ಮ ಪಟ್ಟಿಯಲ್ಲಿಯೂ ಇರಲಿಲ್ಲ. ಅರಮನೆ, ಸೇತುವೆ, ವಸ್ತುಸಂಗ್ರಹಾಲಯಗಳೆಲ್ಲ ಮುಗಿದ ಮೇಲೆ ಉಳಿದ ಒಂದು ಮಧ್ಯಾಹ್ನ, ಆಲ್ಡ್‌ಗೇಟ್ ಈಸ್ಟ್ ನಿಲ್ದಾಣದಲ್ಲಿಳಿದು ವೈಟ್‌ಚಾಪೆಲ್ ಕಡೆಗೆ ಕಾಲು ಹಾಕಿದೆವು. ಅಂಗಡಿಗಳ ಮೇಲೆ ಬಂಗಾಳಿ ಅಕ್ಷರ, ಗಾಳಿಯಲ್ಲಿ ಹುರಿದ ಈರುಳ್ಳಿಯ ವಾಸನೆ. ಮುಂಬಯಿಯಿಂದ ಹೋದ ನಮಗೆ ಪರಸ್ಥಳವೆನಿಸಲಿಲ್ಲ.

ಅಲ್ಲಿ ಹೊಸ ಮನೆಗಳ ನಡುವೆ ಹಳೆಯ ಕೆಂಪು ಕಮಾನೊಂದು ಒಂಟಿಯಾಗಿ ನಿಂತಿದೆ. ನಾಲ್ಕು ಪರ್ಸೆಂಟ್ ಕಂಪೆನಿಯವರು 1886ರಲ್ಲಿ ಕಟ್ಟಿಸಿದ್ದೆಂದು ಅದರ ಮೇಲೆ ಬರೆದಿದೆ. ಹಣ ಹೂಡಿದವರು ಶೇಕಡಾ ನಾಲ್ಕರಷ್ಟು ಲಾಭಕ್ಕೆ ತೃಪ್ತರಾಗಿ ಕೆಲಸಗಾರರಿಗೆ ಮನೆ ಕಟ್ಟಿಸುವುದು ರಾಥ್‌ಚೈಲ್ಡ್ ಮನೆತನದವರು ಮುಂದಾಗಿ ಸ್ಥಾಪಿಸಿದ ಆ ಕಂಪೆನಿಯ ಧೋರಣೆ. ಪರೋಪಕಾರದ ಬಡ್ಡಿದರವನ್ನು ಬಾಗಿಲ ಮೇಲೆಯೇ ಬರೆದದ್ದನ್ನು ನಾವು ಬೇರೆಲ್ಲಿಯೂ ಕಂಡಿಲ್ಲ.

ಆ ಮನೆಗಳೇನೋ ವಾರವಾರ ಬಾಡಿಗೆ ಕೊಡಬಲ್ಲವರಿಗೆ ಆದುವು. ರಾತ್ರಿಯಿಂದ ರಾತ್ರಿಗೆ ಬದುಕುತ್ತಿದ್ದವರ ಪಾಡು ಬೇರೆ. ಸುತ್ತಲಿನ ಫ್ಲವರ್ ಅಂಡ್ ಡೀನ್, ಥ್ರಾಲ್, ಡಾರ್ಸೆಟ್ ಬೀದಿಗಳ ತುಂಬ ಅಂಥವರ ಲಾಡ್ಜಿಂಗ್ ಮನೆಗಳಿದ್ದವು. ಒಂಟಿ ಹಾಸಿಗೆಗೆ ರಾತ್ರಿಗೆ ನಾಲ್ಕು ಪೆನ್ನಿ, ಜೋಡಿ ಹಾಸಿಗೆಗೆ ಎಂಟು. ಕೆಳಗೆ ಎಲ್ಲರಿಗೂ ಸೇರಿದ ಒಂದು ಅಡಿಗೆಮನೆ, ಅದರಲ್ಲಿ ಆರದ ಬೆಂಕಿ. ಮೀನೋ ರೊಟ್ಟಿಯೋ ಅವರವರು ತಂದದ್ದನ್ನು ಅವರವರೇ ಬೇಯಿಸಿಕೊಂಡು ಒಲೆಯ ಸುತ್ತ ಹರಟೆ ಹೊಡೆಯುತ್ತಿದ್ದರು. ಮಾಲಿಕ ಅಲ್ಲಿ ಇರುತ್ತಿರಲಿಲ್ಲ. ಅವನ ಗುಮಾಸ್ತ ಹಣ ವಸೂಲು ಮಾಡುತ್ತಿದ್ದ. ನಡುರಾತ್ರಿ ಕಳೆದ ಮೇಲೆ ಕಾಸಿಲ್ಲದವರನ್ನು ಹೊರಗೆ ಹಾಕುವುದೂ ಅವನದೇ ಕೆಲಸ.

ಇಂಥ ಮನೆಗಳಿಗೆ 1851ರಲ್ಲಿಯೇ ಕಾಯಿದೆಯಾಗಿತ್ತು. ರಿಜಿಸ್ಟರಿನಲ್ಲಿ ಹೆಸರು ದಾಖಲಾಗಬೇಕು, ಪೊಲೀಸರು ತಪಾಸಣೆ ಮಾಡಬೇಕು, ವರ್ಷವರ್ಷವೂ ಏಪ್ರಿಲ್ ಮತ್ತು ಅಕ್ಟೋಬರ್ ತಿಂಗಳುಗಳ ಮೊದಲ ವಾರ ಗೋಡೆಗೆ ಸುಣ್ಣ ಬಳಿಯಬೇಕು. ಸರ್ಕಾರಿ ಕಚೇರಿಯ ಗುಮಾಸ್ತರಾದ ನಮಗೆ ಈ ಸುಣ್ಣದ ಕಲಮು ಬಹಳ ಮೆಚ್ಚಿಗೆಯಾಯಿತು. ಗೋಡೆಯ ಮೇಲೆ ಇಷ್ಟು ಕಾಳಜಿ ಇದ್ದ ಕಾಯಿದೆಯಲ್ಲಿ, ನಾಲ್ಕು ಪೆನ್ನಿ ಇಲ್ಲದವನು ಎಲ್ಲಿ ಮಲಗಬೇಕೆಂಬುದಕ್ಕೆ ಕಲಮು ಇರಲಿಲ್ಲ.

ನಾಲ್ಕು ಪೆನ್ನಿ ಅಂಥ ದೊಡ್ಡ ಮೊತ್ತವೇ ಎಂದು ನಮ್ಮಾಕೆ ಕೇಳಿದಳು. ಮನೆಯಲ್ಲಿ ಕೂತು ಬೆಂಕಿಪೆಟ್ಟಿಗೆ ಅಂಟಿಸುವ ಹೆಂಗಸಿಗೆ 144 ಪೆಟ್ಟಿಗೆಗಳಿಗೆ ಸಿಗುತ್ತಿದ್ದುದು ಸುಮಾರು ಎರಡೂಕಾಲು ಪೆನ್ನಿ. ಅಂಟಿನ ಖರ್ಚು ಅವಳದೇ. ಅಲ್ಲಿಗೆ ಒಂದು ರಾತ್ರಿಯ ನಿದ್ದೆಗೆ 256 ಪೆಟ್ಟಿಗೆ! ಹಡಗುಕಟ್ಟೆಯ ಕೂಲಿಗಾರ 1889ರಲ್ಲಿ ಮುಷ್ಕರ ಹೂಡಿ ಗಂಟೆಗೆ ಆರು ಪೆನ್ನಿ ಪಡೆದ, ನಿಜ. ಆದರೆ ದಿನಕ್ಕೆ ಎಷ್ಟು ಗಂಟೆ ಕೆಲಸ ಸಿಕ್ಕೀತೆಂಬುದು ಬೆಳಿಗ್ಗೆ ಗೇಟಿನ ಮುಂದೆ ನಿಂತ ಮೇಲೆಯೇ ತಿಳಿಯುವ ಮಾತು. ಒಂದೇ ಹಾಸಿಗೆಯಲ್ಲಿ ಮೂವರು ಎಂಟೆಂಟು ಗಂಟೆಯ ಸರದಿಯಲ್ಲಿ ಮಲಗುವುದೂ ಅಲ್ಲಿ ಇತ್ತು. ಗಿರಣಿಯ ಕಾಲದ ಖೋಲಿಗಳನ್ನು ಬಲ್ಲ ಮುಂಬಯಿಯ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1888ರ ಆಗಸ್ಟ್ 31ರ ನಸುಕಿಗೆ ಮೊದಲು, ಥ್ರಾಲ್ ಬೀದಿಯ 18ನೆಯ ನಂಬರಿನ ಮನೆಯಿಂದ ಮೇರಿ ಆನ್ ನಿಕೋಲ್ಸ್ ಎಂಬಾಕೆಯನ್ನು ನಾಲ್ಕು ಪೆನ್ನಿ ಇಲ್ಲವೆಂದು ಹೊರಡಿಸಿದರು. ಹಣ ಈಗಲೇ ತರುತ್ತೇನೆಂದು ನಗುತ್ತಲೇ ಹೋದಳಂತೆ. ಬೆಳಗಾಗುವ ಮೊದಲೇ ಸಮೀಪದ ಬೀದಿಯಲ್ಲಿ ಅವಳ ಹೆಣ ಸಿಕ್ಕಿತು. ಎಂಟು ದಿನಗಳ ಮೇಲೆ ಡಾರ್ಸೆಟ್ ಬೀದಿಯ 35ನೆಯ ಮನೆಯಿಂದ ಆನಿ ಚಾಪ್‌ಮನ್ ಹೊರಬಿದ್ದಳು. ತನ್ನ ಹಾಸಿಗೆಯನ್ನು ಮತ್ತೊಬ್ಬರಿಗೆ ಕೊಡಬೇಡಿರೆಂದು ಹೇಳಿಯೇ ಹೋದಳು. ಅವಳೂ ಹಿಂತಿರುಗಲಿಲ್ಲ. ಕೊಂದವನ ಕಥೆಯನ್ನು ಹೇಳುತ್ತ ಇಂದಿಗೂ ಸಂಜೆ ಸಂಜೆ ಪ್ರವಾಸಿಗಳನ್ನು ಈ ಬೀದಿಗಳಲ್ಲಿ ನಡೆಸುತ್ತಾರೆ. ನಮಗೇಕೋ ಕೊಲೆಗಾರನಿಗಿಂತ ಆ ನಾಲ್ಕು ಪೆನ್ನಿಯೇ ಹೆಚ್ಚು ಕಾಡಿತು.

ಬಯಲಲ್ಲಿ ಮಲಗೋಣವೆಂದರೆ, ಜೀವನೋಪಾಯವಿಲ್ಲದವನು ಹಾಗೆ ಮಲಗುವುದೇ 1824ರ ಕಾಯಿದೆಯಂತೆ ಅಪರಾಧ. ಪೊಲೀಸರು ಎಬ್ಬಿಸಿ ನಡೆಸುತ್ತಿದ್ದರು. ರಾತ್ರಿಯಿಡೀ ಹೀಗೆ ನಡೆದವರು ಬೆಳಿಗ್ಗೆ ಉದ್ಯಾನದ ಬಾಗಿಲು ತೆರೆದೊಡನೆ ಬೆಂಚಿನ ಮೇಲೆ ಬಿದ್ದು ನಿದ್ದೆಹೋಗುತ್ತಿದ್ದುದನ್ನು ಅಮೆರಿಕದ ಜಾಕ್ ಲಂಡನ್ 1902ರಲ್ಲಿ ಕಂಡು ಬರೆದಿದ್ದಾನೆ.

ನಾಲ್ಕಕ್ಕಿಂತ ಕಡಮೆ ಪೆನ್ನಿ ಇದ್ದವರಿಗೂ ಏನೋ ಒಂದು ಇತ್ತು. ಒಂದು ಪೆನ್ನಿಗೆ ಬೆಂಚಿನ ಮೇಲೆ ಕೂತು ರಾತ್ರಿ ಕಳೆಯಬಹುದು. ಎರಡು ಪೆನ್ನಿಗೆ ಎದುರಿಗೊಂದು ಹಗ್ಗ. ಅದರ ಮೇಲೆ ಒರಗಿ ತೂಕಡಿಸಬೇಕು, ಬೆಳಿಗ್ಗೆ ಹಗ್ಗ ಬಿಚ್ಚಿದರೆ ತಾನಾಗಿಯೇ ಎಚ್ಚರ! ರಾಣಿಯ ಕಾಲ ಮುಗಿದು ಮೂವತ್ತು ವರ್ಷಗಳಾದ ಮೇಲೆಯೂ, 1933ರಲ್ಲಿ, ಜಾರ್ಜ್ ಆರ್ವೆಲ್ ಈ ಹಗ್ಗದ ಸಂಗತಿ ಬರೆದಿದ್ದಾನೆ. ಆತ ಹುಟ್ಟಿದ್ದು ನಮ್ಮ ಬಿಹಾರದ ಮೋತಿಹಾರಿಯಲ್ಲಿ. ಸಾಲ್ವೇಷನ್ ಆರ್ಮಿಯವರ ಆಶ್ರಯಗಳಲ್ಲಿ ಸಾಲುಸಾಲಾಗಿ ಮರದ ಪೆಟ್ಟಿಗೆಗಳಿದ್ದು, ಒಳಗೆ ಮೇಣಬಟ್ಟೆಯ ಹಾಸಿಗೆ ಇರುತ್ತಿತ್ತು. ಮಲಗುವವರೇ ಅದಕ್ಕೆ ಶವಪೆಟ್ಟಿಗೆ ಎಂದು ಹೆಸರಿಟ್ಟರು. ಅದೇನೇ ಇರಲಿ, ಅದರಲ್ಲಿ ಕಾಲು ಚಾಚಬಹುದಾಗಿತ್ತು.

ಅಲ್ಲಿಂದ ಹತ್ತು ನಿಮಿಷ ನಡೆದು ಫೀಲ್ಡ್‌ಗೇಟ್ ಬೀದಿಯ ಟವರ್ ಹೌಸ್ ನೋಡಿದೆವು. ಕೆಂಪು ಇಟ್ಟಿಗೆಯ ಭಾರಿ ಕಟ್ಟಡ. ಪ್ರಧಾನಿ ಡಿಸ್ರೇಲಿಯ ಕಾರ್ಯದರ್ಶಿಯಾಗಿದ್ದ ಲಾರ್ಡ್ ರೌಟನ್ 1892ರಲ್ಲಿ ವಾಕ್ಸ್‌ಹಾಲಿನಲ್ಲಿ ಶುರುಮಾಡಿದ ವಸತಿಗೃಹಗಳ ಸಾಲಿಗೆ ಸೇರಿದ್ದು, 1902ರಲ್ಲಿ ತೆರೆಯಿತು. ವಾಕ್ಸ್‌ಹಾಲಿನಲ್ಲಿ ಆರು ಪೆನ್ನಿಗೆ ಒಬ್ಬೊಬ್ಬನಿಗೆ ಪ್ರತ್ಯೇಕ ಗೂಡು, ಶುಭ್ರ ಹಾಸಿಗೆ, ಸ್ನಾನಕ್ಕೆ ಅನುಕೂಲ, ಓದಲು ಕೋಣೆ. ಗಂಡಸರಿಗೆ ಮಾತ್ರ. ಟವರ್ ಹೌಸ್ ಈಗ ಶ್ರೀಮಂತರ ಫ್ಲಾಟುಗಳಾಗಿದೆ. ಬಾಡಿಗೆ ವಿಚಾರಿಸುವ ಧೈರ್ಯ ನಮಗಾಗಲಿಲ್ಲ. ಅದೇ ಸಾಲಿನ ಕೊನೆಯದು, 1905ರಲ್ಲಿ ಕ್ಯಾಮ್ಡನ್ನಿನಲ್ಲಿ ಕಟ್ಟಿದ ಆರ್ಲಿಂಗ್ಟನ್ ಹೌಸ್, ಇಂದಿಗೂ ಮನೆಯಿಲ್ಲದವರಿಗೆ ಹಾಸಿಗೆ ಕೊಡುತ್ತಿದೆ.