ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ

ನಮ್ಮ ಸರ್ಕಾರಿ ನೌಕರರಲ್ಲಿ ಬಹಳ ಮಂದಿ ಹುಟ್ಟಿದ್ದು ಜೂನ್ 1ರಂದು. ಗ್ರಹಗತಿಯ ಮಹಿಮೆಯೇನೂ ಅಲ್ಲ. ಮಗನ ಕೈಹಿಡಿದು ಶಾಲೆಗೆ ಕರೆತಂದ ಅಪ್ಪನಿಗೆ ತಾರೀಖು ಗೊತ್ತಿರಲಿಲ್ಲ, ಮೇಷ್ಟ್ರಿಗೆ ಶಾಲೆ ಶುರುವಾಗುವ ತಿಂಗಳು ಗೊತ್ತಿತ್ತು. ಒಂದನೇ ತಾರೀಖು ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗಬೇಕೆಂಬುದು ನಿಯಮ. ಹೀಗೆ ಮೇಷ್ಟ್ರು ಎಂದೋ ಬರೆದ ಒಂದು ಸಾಲಿನ ದೆಸೆಯಿಂದ ಪ್ರತಿ ಮೇ 31ರಂದು ಕಚೇರಿ ಕಚೇರಿಗಳಲ್ಲಿ ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿಗಳ ಸುಗ್ಗಿ.

ದಿನ ಮೊದಲೇ ಗೊತ್ತಿರುವುದರಿಂದ ತಯಾರಿಗೇನೂ ಕೊರತೆಯಿಲ್ಲ. 300 ದಿನಗಳವರೆಗಿನ ಗಳಿಕೆ ರಜೆಯ ನಗದೀಕರಣ, ಹಳೆಯ ಪಿಂಚಣಿಯವರಾದರೆ ಮೂರನೇ ಒಂದು ಭಾಗದ ಕಮ್ಯುಟೇಶನ್, ಕೆಜಿಐಡಿ, ಗ್ರಾಚ್ಯುಯಿಟಿ ಎಲ್ಲವನ್ನೂ ಪೈಸೆ ಬಿಡದೆ ಲೆಕ್ಕ ಹಾಕಿರುತ್ತೇವೆ. ಲೆಕ್ಕಕ್ಕೆ ಸಿಗದೆ ಉಳಿಯುವುದು ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆ.

ನನ್ನ ಗೆಳೆಯರೊಬ್ಬರು ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದವರು. ನಿವೃತ್ತರಾದ ಮೇಲೆ ಕಾಶಿಗೆ ಹೋಗಿ ಬಂದರು, ಕೈತೋಟ ಮಾಡಿದರು, ವಾಟ್ಸ್ಆ್ಯಪ್‌ನಲ್ಲಿ ದೇಶೋದ್ಧಾರವನ್ನೂ ಮಾಡಿದರು. ಆಮೇಲೆ ಅಡುಗೆಮನೆಗೆ ಕಾಲಿಟ್ಟು, ಬೇಳೆಕಾಳಿನ ಡಬ್ಬಿಗಳಿಗೆಲ್ಲ ಕ್ರಮಸಂಖ್ಯೆ ಅಂಟಿಸಿ ಒಂದು ರಿಜಿಸ್ಟರ್ ತೆರೆದರು. "ಏನ್ರೀ, ಇಷ್ಟು ವರ್ಷ ನಂಬರಿಲ್ಲದ ಡಬ್ಬೀಲೇ ಅಲ್ವಾ ನಿಮಗೆ ಸಾರು ಮಾಡಿ ಹಾಕಿದ್ದು?" ಎಂದು ಅವರ ಮನೆಯವರು ಕೇಳಿದ ಮೇಲೆ ಆ ಕಡತ ಅಲ್ಲಿಗೇ ಮುಕ್ತಾಯವಾಯಿತು.

ಅವರಿಗೆ ಹವ್ಯಾಸಗಳಿದ್ದವು. ಆದರೆ ಕಾಶಿಗೆ ಮುಂದಿನ ವರ್ಷ ಹೋದರೂ ನಡೆಯುತ್ತದೆ, ಪುಸ್ತಕವನ್ನು ನಾಳೆ ಓದಿದರೂ ಆಗುತ್ತದೆ. ನೌಕರಿಯಲ್ಲಿದ್ದಾಗ ಶಪಿಸುತ್ತಿದ್ದ ಗಡುವೇ ನಮ್ಮನ್ನು ಹಾಸಿಗೆಯಿಂದ ಎಬ್ಬಿಸುತ್ತಿತ್ತು. ನಿವೃತ್ತಿಗೆ ಯೋಜನೆ ಹಾಕುವವರು ಮೊದಲು ಅಂಥದೊಂದು ಗಡುವನ್ನೂ, ತಪ್ಪಿದರೆ ಬಂದು ಕೇಳುವ ನಾಲ್ಕು ಜನರನ್ನೂ ಸಂಪಾದಿಸಿಕೊಳ್ಳಬೇಕೆಂದು ನನ್ನ ವಾದ.

ಮಾಸ್ತಿಯವರು 1943ರಲ್ಲಿ ಸರ್ಕಾರಿ ಕೆಲಸ ಬಿಟ್ಟವರು ಮರುವರ್ಷವೇ 'ಜೀವನ' ಮಾಸಪತ್ರಿಕೆಯ ಹೊಣೆ ಹೊತ್ತು ಎರಡು ದಶಕ ನಡೆಸಿದರು. ಕಾದಂಬರಿಯನ್ನು ಯಾವಾಗ ಬೇಕಾದರೂ ಬರೆಯಬಹುದು. ಪತ್ರಿಕೆ ತಿಂಗಳಿಗೆ ಸರಿಯಾಗಿ ಚಂದಾದಾರರ ಕೈಸೇರಬೇಕು. 'ಚಿಕವೀರ ರಾಜೇಂದ್ರ' ಬಂದದ್ದೂ ಆ ದುಡಿಮೆಯ ನಡುವೆಯೇ. ಜಿ. ವೆಂಕಟಸುಬ್ಬಯ್ಯನವರು ವಿಜಯಾ ಕಾಲೇಜಿನಿಂದ ನಿವೃತ್ತರಾದದ್ದು 1973ರಲ್ಲಿ. 'ಪ್ರಜಾವಾಣಿ'ಯಲ್ಲಿ 'ಇಗೋ ಕನ್ನಡ' ಅಂಕಣ ಶುರುವಾದಾಗ ಅವರಿಗೆ ಎಂಬತ್ತು ಹತ್ತಿರವಾಗಿತ್ತು. ಓದುಗರು ಕೇಳುತ್ತಾ ಹೋದರು, ಇವರು ಉತ್ತರಿಸುತ್ತಾ ಹೋದರು. ಬಾಕಿ ಪ್ರಶ್ನೆಗಳ ನಡುವೆ ಮುಪ್ಪಿಗೆ ಕೊಡಲು ಅವರಿಗೆ ಪುರುಸೊತ್ತೇ ಸಿಕ್ಕಿರಲಾರದು. 2021ರಲ್ಲಿ ತೀರಿಕೊಂಡಾಗ ವಯಸ್ಸು 107.

ನಮ್ಮಂಥವರಿಗೆ ಅಂಕಣ ಯಾರು ಕೊಡುತ್ತಾರೆ? ಶಿರಸ್ತೇದಾರರಿಗೆ ಅದು ಹಿತ್ತಲ ಬಾಗಿಲಿನಿಂದ ಬಂತು. ಮನೆಗೆಲಸಕ್ಕೆ ಬರುವ ಹೆಂಗಸು ತಮ್ಮ ಅಕ್ಕನ ವಿಧವಾ ವೇತನದ ಅರ್ಜಿ ಹಿಡಿದು, "ವಸಿ ನೋಡಿಕೊಡಿ ಸಾರ್" ಎಂದರು. ಯಾವ ಕಾಗದ ಲಗತ್ತಿಸಬೇಕು, ಪಹಣಿಯಲ್ಲಿ ಹೆಸರು ತಪ್ಪಿದ್ದರೆ ಏನು ಮಾಡಬೇಕು, ವಂಶವೃಕ್ಷಕ್ಕೆ ಯಾರನ್ನು ಕಾಣಬೇಕು, ಸರ್ವೀಸು ಕಲಿಸಿದ್ದೆಲ್ಲ ಒಂದೊಂದಾಗಿ ಕೆಲಸಕ್ಕೆ ಬಂತು. ಸುದ್ದಿ ಹಬ್ಬಿತು. ಈಗ ಪ್ರತಿ ಮಂಗಳವಾರ ಹನ್ನೊಂದಕ್ಕೆ ಅವರ ಜಗಲಿಯ ಮೇಲೆ ಐದಾರು ಜನ: ಒಬ್ಬರಿಗೆ ಸಂಧ್ಯಾ ಸುರಕ್ಷಾ, ಇನ್ನೊಬ್ಬರಿಗೆ ಪೌತಿ ಖಾತೆ.

ಇಂಥದ್ದಕ್ಕೆ ಮೇ 31ರವರೆಗೆ ಕಾಯಬೇಕಾಗಿಲ್ಲ. ಸರ್ವೀಸಿನಲ್ಲಿರುವಾಗಲೇ ಭಾನುವಾರದ ಒಂದು ಗಂಟೆ ಕೊಟ್ಟು ನೋಡುವುದು ಲೇಸು. ನಮ್ಮ ಮನೆಯ ದಾರಿ ಜನಕ್ಕೆ ಗೊತ್ತಾಗಲು ಕಾಲ ಹಿಡಿಯುತ್ತದೆ.

ಪಿಂಚಣಿದಾರ ಬದುಕಿದ್ದಾನೆಯೇ ಎಂದು ಖಜಾನೆ ವರ್ಷಕ್ಕೊಮ್ಮೆ, ನವೆಂಬರಿನಲ್ಲಿ ಜೀವಂತ ಪ್ರಮಾಣಪತ್ರ ಕೇಳುತ್ತದೆ. ಶಿರಸ್ತೇದಾರರು ಹತ್ತು ನಿಮಿಷ ತಡಮಾಡಿದರೆ ಸಾಕು, ಜಗಲಿಯವರು ಕದ ತಟ್ಟಿ ಕೇಳುತ್ತಾರೆ: "ಸಾರ್, ಇದ್ದೀರಾ?"